ಸುಮ್ಮನಿದ್ದ ಗಿರಣಿ

ನಮ್ಮ ಊರಿಗೆ ಹೊಸದಾಗಿ ಬಂದವರು ಮೊದಲ ವಾರದಲ್ಲಿ ಒಮ್ಮೆಯಾದರೂ ಬೆಚ್ಚಿ ಬೀಳುವುದು ವಾಡಿಕೆ. ಭ್ರಮರಾಂಬ ಬೆಚ್ಚಿದ್ದು ಬಂದ ದಿನವೇ, ಅದೂ ನಮ್ಮ ಮನೆಯ ಬಚ್ಚಲಲ್ಲಿ. ಹೊಸ ಹಿಟ್ಟಿನ ಗಿರಣಿಗೆ ಮೇಲ್ವಿಚಾರಕಿಯಾಗಿ ಬಂದಿದ್ದ ಅವಳಿಗೆ ನಮ್ಮ ಮನೆಯ ಹಿಂಭಾಗವನ್ನು ಬಾಡಿಗೆಗೆ ಕೊಟ್ಟಿದ್ದೆವು. ಬಸ್ಸಿನ ಧೂಳು ತೊಳೆದುಕೊಳ್ಳಲು ಒಳಗೆ ಹೋದವಳು ಎರಡು ಚೊಂಬು ನೀರು ಹುಯ್ದುಕೊಂಡಿರಬೇಕು, ಅಷ್ಟರಲ್ಲಿ ಕಿಟಾರನೆ ಕಿರುಚಿದಳು. ಒದ್ದೆ ಮೈಗೆ ಸೀರೆ ಸುತ್ತಿಕೊಂಡು ಅಂಗಳಕ್ಕೆ ಓಡಿಬಂದು ನನ್ನ ತೋಳು ಹಿಡಿದಳು.

"ಹೊನ್ನಕ್ಕಾ, ಬಚ್ಚಲಲ್ಲಿ ಯಾರೋ ಗಂಡಸು ಇದ್ದಾನೆ! ಸೋಪು ಕಾಲಡಿಗೆ ಬಿದ್ದೈತೆ, ನೋಡ್ಕಂಡು ಕಾಲಿಡು ತಾಯಿ ಅಂದ!"

"ಗಂಡಸಲ್ಲ ಕಣಮ್ಮ, ನಮ್ಮ ಮಾವನೋರು," ಅಂದೆ. ಅವಳ ಮುಖ ಇನ್ನೂ ಬಿಳಿಚಿಕೊಂಡಿತು. "ಅಯ್ಯೋ, ಅವರು ತೀರ್ಕೊಂಡು ಎಷ್ಟೋ ವರ್ಷ ಆತು. ಕಣ್ಣಿಲ್ಲ, ಮೈಯಿಲ್ಲ, ಬರೀ ದನಿ. ಅಲ್ಲೇ ಸೋಪು ತುಳಿದು ಸೊಂಟ ಮುರ್ಕಂಡಿದ್ರು. ಸೋಪು ಕಾಲಡಿಗೆ ಬಂದ್ರೆ ಮಾತ್ರ ಮಾತಾಡ್ತಾರೆ. ಇಲ್ದಿದ್ರೆ ಅವರ ಪಾಡಿಗೆ ಅವರು."

ನಮ್ಮ ಊರು ಇರುವುದೇ ಹೀಗೆ. ಯಾರಾದರೂ ಎಡವಟ್ಟಾಗಿ ಪೆಟ್ಟು ತಿಂದ ಜಾಗದಲ್ಲಿ ಅವರ ದನಿ ಉಳಿದುಬಿಡುತ್ತದೆ. ಇನ್ನೊಬ್ಬರು ಅದೇ ತಪ್ಪು ಮಾಡಲು ಹೊರಟರೆ ಗದರಿಸುತ್ತದೆ. ಪೆಟ್ಟು ತಿಂದವರು ಬದುಕಿದ್ದರೂ ಅಷ್ಟೆ, ಹೋಗಿದ್ದರೂ ಅಷ್ಟೆ. ಅಂಚೆ ಕಚೇರಿಯ ಪಕ್ಕದ ಕರೆಂಟು ಕಂಬ "ಒದ್ದೆ ಕೈ! ಒದ್ದೆ ಕೈ!" ಎಂದು ಕೂಗುವುದು ಲೈನ್‌ಮನ್ ಚಂದ್ರಪ್ಪನ ದನಿಯಲ್ಲಿ. ಚಂದ್ರಪ್ಪ ಗಟ್ಟಿಮುಟ್ಟಾಗಿದ್ದಾನೆ, ಆದರೆ ಆ ಕಂಬದ ಕೆಳಗೆ ಹಾದುಹೋಗುವಾಗ ನಾಚಿಕೆಯಿಂದ ತಲೆ ತಗ್ಗಿಸುತ್ತಾನೆ. ನನ್ನದೂ ಒಂದು ದನಿ ನಮ್ಮ ಅಡುಗೆಮನೆಯಲ್ಲಿದೆ. ಮದುವೆಯಾದ ಹೊಸತರಲ್ಲಿ ಆವಿ ಇಳಿಯುವ ಮೊದಲೇ ಕುಕ್ಕರಿನ ಮುಚ್ಚಳ ಎಳೆದು ಮೊಣಕೈವರೆಗೆ ಸುಟ್ಟುಕೊಂಡಿದ್ದೆ. ಈಗಲೂ ಯಾರಾದರೂ ಅವಸರ ಮಾಡಿದರೆ "ತಡ್ಕಳ್ರೀ, ಇನ್ನೂ ಬುಸುಗುಡ್ತೈತೆ!" ಎಂಬ ಎಳೆಯ ದನಿ ಕೇಳುತ್ತದೆ. ಸೈಕಲ್ ಅಂಗಡಿಯಿಂದ ಊಟಕ್ಕೆ ಬರುವ ನಮ್ಮ ಯಜಮಾನರು ಕೆಲವೊಮ್ಮೆ ಬೇಕೆಂದೇ ಬಿಸಿ ಕುಕ್ಕರಿನತ್ತ ಕೈ ಚಾಚುತ್ತಾರೆ. "ಆಗ ಎಂಥ ದನಿ ಇತ್ತೇ ನಿಂದು," ಎನ್ನುತ್ತಾರೆ. ಅಂಥ ದಿನ ಅವರಿಗೆ ಸಾರು ಬಡಿಸುವುದು ಸ್ವಲ್ಪ ತಡವಾಗುತ್ತದೆ.

ಭ್ರಮರಾಂಬ ಬೇಗ ಹೊಂದಿಕೊಂಡಳು. ಸ್ನಾನಕ್ಕೆ ಹೋಗುವಾಗ "ಮಾವನೋರೇ, ಸೋಪು ಗೂಡಿನಲ್ಲೇ ಇಟ್ಟಿದ್ದೀನಿ," ಎಂದು ಹೇಳಿಯೇ ಒಳಹೋಗುವಷ್ಟು ಹೊಂದಿಕೊಂಡಳು. ಅವಳಿಗೆ ಹೊಂದಿಕೆಯಾಗದೆ ಉಳಿದಿದ್ದು ಒಂದೇ, ಹೊಸ ಗಿರಣಿ.

ಆ ಗಿರಣಿಯ ಮಾಲೀಕರು ಗುರುಶಾಂತಪ್ಪನವರು. ಅವರ ಹಳೆಯ ಗಿರಣಿ ಪೇಟೆಯ ನಡುವೆ ಇತ್ತು. ಅಲ್ಲಿ ಮೂಲೆಗೊಂದು ದನಿ. ಏಣಿಯ ಹತ್ತಿರ ಒಬ್ಬರು, ಮೂಟೆಗಳ ಹತ್ತಿರ ಇಬ್ಬರು, ಬೆಲ್ಟಿನ ಹತ್ತಿರ ಸ್ವತಃ ಗುರುಶಾಂತಪ್ಪನವರ ತಂದೆ. "ಪಂಚೆ ಎತ್ತಿ ಕಟ್ಟೋ ದಡ್ಡ!" ಎಂದು ಅವರು ಗದರಿದರೆ ರಸ್ತೆಯಲ್ಲಿ ಹೋಗುವವರೂ ಪಂಚೆ ಎತ್ತಿ ಕಟ್ಟುತ್ತಿದ್ದರು. ತಲೆ ನರೆತ ಮೇಲೂ ಆಳುಗಳ ಎದುರು ಅಪ್ಪನಿಂದ ಬೈಸಿಕೊಂಡು ಬೇಸತ್ತ ಗುರುಶಾಂತಪ್ಪನವರು ಊರಾಚೆ ಕೆರೆ ಪಕ್ಕದ ಬಯಲಿನಲ್ಲಿ ಮೂರಂತಸ್ತಿನ ಹೊಸ ಗಿರಣಿ ಎಬ್ಬಿಸಿದರು. ಪೂಜೆಯ ದಿನ ನಾವೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡು ಒಳಗೆ ಹೆಜ್ಜೆಯಿಟ್ಟೆವು. ಏಣಿ ಹತ್ತಿದೆವು, ಇಳಿದೆವು. ಯಾರೂ ಏನೂ ಅನ್ನಲಿಲ್ಲ.

"ಕೇಳ್ರಪ್ಪಾ, ಕೇಳ್ರಿ! ಎಷ್ಟು ತಣ್ಣಗೈತೆ!" ಎಂದು ಗುರುಶಾಂತಪ್ಪನವರು ಸಂತೋಷದಿಂದ ಎರಡೂ ಕೈ ಚಾಚಿದರು. ನಾವು ಚಪ್ಪಾಳೆ ತಟ್ಟಿದೆವು. ಬೈಯುವವರಿಲ್ಲದ ಜಾಗ ನಮಗೆ ಅರಮನೆಯಂತೆ ಕಂಡಿತು.

ನಾನು ಅಲ್ಲಿ ಚೀಲ ತುಂಬುವ ಕಡೆ ಕೆಲಸಕ್ಕೆ ಸೇರಿದೆ. ಜರಡಿ ಯಂತ್ರದ ಹತ್ತಿರ ರಾಚಯ್ಯ ಇದ್ದ. ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಹಳೆ ಗಿರಣಿಯಲ್ಲಿ ಬೀಡಿ ತೆಗೆದರೆ ಸಾಕು, ಮೂಟೆಗಳ ಕಡೆಯಿಂದ ಇಬ್ಬರೂ ಒಟ್ಟಿಗೆ ಬೈಯುತ್ತಿದ್ದರಂತೆ. ಇಲ್ಲಿ ಜರಡಿಗೆ ಒರಗಿಕೊಂಡು ನಿರಾಳವಾಗಿ ಸೇದುತ್ತಿದ್ದ. ಮೇಲಿನ ಅಂತಸ್ತಿನಲ್ಲಿ ಕಸ ಗುಡಿಸುವ ಸಣ್ಣೀರಮ್ಮನಿಗೆ ಕಿವಿ ಕೇಳುತ್ತಿರಲಿಲ್ಲ. ದನಿಗಳ ಊರಿನಲ್ಲಿ ದನಿ ಕೇಳದೆ ಬದುಕುವ ಅವಳು ಹೆಜ್ಜೆಹೆಜ್ಜೆಗೂ ನೆಲ ನೋಡಿ, ಸೂರು ನೋಡಿ ನಡೆಯುತ್ತಿದ್ದಳು. ಅದನ್ನು ನೋಡಿ ನಾವು ಪಾಪ ಅನ್ನುತ್ತಿದ್ದೆವು.

ಭ್ರಮರಾಂಬ ಗಿರಣಿಯೊಳಗೆ ಬಂದವಳೇ ತಲೆಯೆತ್ತಿ ನೋಡಿದಳು. ತೊಲೆಗಳ ಮೇಲೆ, ಕಿಟಕಿಯ ಅಂಚಿನಲ್ಲಿ, ಪೈಪುಗಳ ಬೆನ್ನಮೇಲೆ ಹಿಟ್ಟು ದಪ್ಪಗೆ ಕೂತಿತ್ತು. ಗಾಳಿಯೇ ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ಅವಳು ನೇರವಾಗಿ ರಾಚಯ್ಯನ ಹತ್ತಿರ ಹೋಗಿ ಅವನ ಬಾಯಿಂದ ಬೀಡಿ ಕಿತ್ತು, ಹೊರಗೆ ತಂದು, ನೀರಿನ ಬಕೆಟ್ಟಿಗೆ ಹಾಕಿದಳು.

"ಯಾಕ್ ಮೇಡಂ? ಜಾಗ ಏನೂ ಅಂದಿಲ್ವಲ್ಲ!" ಎಂದ ರಾಚಯ್ಯ ನಿಜವಾಗಿಯೂ ಆಶ್ಚರ್ಯಪಟ್ಟು.

"ಅದು ಏನೂ ಅನ್ನದೆ ಇರೋದಕ್ಕೇ ನನಗೆ ಭಯ," ಎಂದಳು ಅವಳು.

ಮಧ್ಯಾಹ್ನ ಹೊಂಗೆ ಮರದ ಕೆಳಗೆ ಬುತ್ತಿ ಬಿಚ್ಚಿಕೊಂಡು ಕೂತಾಗ ತನ್ನ ಊರಿನ ಕಥೆ ಹೇಳಿದಳು. ಅವಳ ಊರಿನಲ್ಲಿ ಯಾವ ಜಾಗವೂ ಮಾತಾಡುವುದಿಲ್ಲವಂತೆ. ಅವಳ ಚಿಕ್ಕಪ್ಪ ಅಲ್ಲಿ ಇಂಥದೇ ಗಿರಣಿಯಲ್ಲಿದ್ದರು. ಒಂದು ದಿನ ಟೀ ಕುಡಿಯಲು ಹೊರಗೆ ಬಂದಿದ್ದಾಗ ಒಳಗೆ ಎಲ್ಲೋ ಒಂದು ಕಿಡಿ, ಒಂದು ಸಣ್ಣ ಸದ್ದು. "ತಟ್ಟೆ ಕೈಜಾರಿ ಬಿದ್ದಷ್ಟೇ ಸದ್ದಂತೆ. ಆದ್ರೆ ಆ ಅದುರಾಟಕ್ಕೆ ತೊಲೆಗಳ ಮೇಲಿದ್ದ ಹಿಟ್ಟೆಲ್ಲ ಒಂದೇ ಸಲ ಗಾಳಿಗೆ ಎದ್ದುಬಿಡ್ತು. ಎರಡನೇ ಸದ್ದಿಗೆ ಗೋಡೆಗಳೇ ಇರಲಿಲ್ಲ. ಚಿಕ್ಕಪ್ಪನ ಜೊತೆಯವರು ಒಬ್ಬರೂ ಹೊರಗೆ ಬರಲಿಲ್ಲ. ಈಗ ಆ ಜಾಗದಲ್ಲಿ ಬಟ್ಟೆ ಅಂಗಡಿ ಇದೆ. ಅಲ್ಲಿ ಸೀರೆ ಕೊಳ್ಳೋಕೆ ಹೋದವರಿಗೆ ಯಾರೂ ಏನೂ ಹೇಳಲ್ಲ. ಅದಕ್ಕೇ ಚಿಕ್ಕಪ್ಪ ಮನೆಗೆ ಬಂದವರಿಗೆಲ್ಲ ಹೇಳೋರು. ಊಟಕ್ಕೆ ಕೂತ್ರೂ ಹೇಳೋರು. ಬೇಜಾರಾಗಿ ಎದ್ದು ಹೋಗೋಷ್ಟು ಹೇಳೋರು. ಅದನ್ನ ಕೇಳಿ ಕೇಳಿಯೇ ನಾನು ಈ ಗಿರಣಿ ಯಂತ್ರಗಳ ಓದು ಓದಿದ್ದು."

ನಮಗೆ ಅಯ್ಯೋ ಅನ್ನಿಸಿತು. ಆದರೆ ನಂಬಿಕೆ ಬರಲಿಲ್ಲ. "ಹಿಟ್ಟು ಸಿಡಿಯಂಗಿದ್ರೆ ನನ್ನ ಹೆಂಡ್ತಿ ಮಾಡೋ ರೊಟ್ಟಿ ಇಷ್ಟೊತ್ತಿಗೆ ನಮ್ಮ ಮನೇನೇ ಹಾರಿಸ್ತಿತ್ತು ಮೇಡಂ," ಎಂದ ರಾಚಯ್ಯ. ಎಲ್ಲರೂ ನಕ್ಕೆವು. ಭ್ರಮರಾಂಬನೂ ನಕ್ಕಳು. ನಕ್ಕು, ಎದ್ದು, ಒಂದು ಖಾಲಿ ಎಣ್ಣೆ ಡಬ್ಬ ಕೊಡಿ ಅಂದಳು.

ಡಬ್ಬದ ಬುಡಕ್ಕೆ ತೂತು ಕೊರೆದು ರಬ್ಬರ್ ಕೊಳವೆ ಸಿಕ್ಕಿಸಿದಳು. ಡಬ್ಬದೊಳಗೆ ಕೊಳವೆಯ ಬಾಯಿಗೆ ಒಂದು ಹಿಡಿ ಹಿಟ್ಟು, ಪಕ್ಕದಲ್ಲಿ ಹಚ್ಚಿದ ಮೇಣದಬತ್ತಿ, ಮೇಲೆ ಮುಚ್ಚಳ. ಗುರುಶಾಂತಪ್ಪನವರೂ ಕಚೇರಿಯಿಂದ ಹೊರಬಂದು ನಿಂತರು. ನಮ್ಮನ್ನೆಲ್ಲ ದೂರ ಸರಿಸಿ ಭ್ರಮರಾಂಬ ಕೊಳವೆಯ ಇನ್ನೊಂದು ತುದಿಯಿಂದ ಜೋರಾಗಿ ಊದಿದಳು. ಧಡ್ ಎಂದು ಸದ್ದಾಗಿ ಚೆಂಡುಹೂವಿನ ಬಣ್ಣದ ಬೆಂಕಿ ಡಬ್ಬದಿಂದ ಮೇಲೆದ್ದಿತು. ಮುಚ್ಚಳ ಹಾರಿಹೋಗಿ ಕಚೇರಿಯ ಹೆಂಚು ಒಡೆಯಿತು. ಗುರುಶಾಂತಪ್ಪನವರು ನೆಲದ ಮೇಲೆ ಕೂತುಬಿಟ್ಟಿದ್ದರು. ಕೊಳವೆ ಸ್ವಲ್ಪ ಗಿಡ್ಡವಾಗಿದ್ದರಿಂದ ಭ್ರಮರಾಂಬನ ಒಂದು ಹುಬ್ಬು ಸುಟ್ಟು ಚುರುಗುಟ್ಟುತ್ತಿತ್ತು.

"ನಾನೂ ಒಂದ್ಸಲ ಊದ್ತೀನಿ!" ಎಂದು ರಾಚಯ್ಯ ಡಬ್ಬದ ಕಡೆ ಬಗ್ಗಿದ. ತಕ್ಷಣ ಅಂಗಳದ ಗಾಳಿಯಲ್ಲಿ, "ಮುಖ ಹಿಂದಕ್ಕೆ ತಗೊಳ್ಳಿ! ಹುಬ್ಬು ಸುಡುತ್ತೆ!" ಎಂದು ಭ್ರಮರಾಂಬನ ದನಿ ಮೊಳಗಿತು. ಭ್ರಮರಾಂಬ ಬಾಯಿ ಮುಚ್ಚಿಕೊಂಡೇ ನಿಂತಿದ್ದಳು. ತನ್ನ ದನಿ ತಾನೇ ಕೇಳಿ ಅವಳ ಕಣ್ಣು ಅಗಲವಾದವು.

ನಾವೆಲ್ಲ ಹೋ ಎಂದು ಕೂಗಿದೆವು. "ಮೇಡಂ ನಮ್ಮೂರೋರಾದ್ರು!" ಎಂದು ಯಾರೋ ಕುಣಿದರು. ನಾನು ಅವಳನ್ನು ತಬ್ಬಿಕೊಂಡು ಹುಬ್ಬಿಗೆ ಬೆಣ್ಣೆ ಹಚ್ಚಲು ಹೋದೆ. "ಬೆಣ್ಣೆ ಬೇಡ ಹೊನ್ನಕ್ಕ, ಸುಟ್ಟ ಜಾಗಕ್ಕೆ ತಣ್ಣೀರು," ಎಂದು ಅವಳು ಬಕೆಟ್ಟಿನತ್ತ ಓಡಿದಳು.

ಆದರೆ ಆ ಸಂಭ್ರಮದಲ್ಲೇ ರಾಚಯ್ಯನಿಗೊಂದು ಯೋಚನೆ ಹೊಳೆಯಿತು. "ಸಾವ್ಕಾರ್ರೇ, ಸುಲಭ ಐತೆ. ಗಿರಣಿ ಒಳಗೆ ನಾನು ಒಂದು ಬೆರಳು ಸುಟ್ಕೊತೀನಿ. ನನ್ನ ದನಿ ಅಲ್ಲಿ ಉಳೀತದೆ. ಮುಂದೆ ಯಾರಾದ್ರೂ ಕಿಡಿ ತಂದ್ರೆ ನಾನೇ ಬೈತೀನಿ." ಗುರುಶಾಂತಪ್ಪನವರು ಇದು ಒಳ್ಳೆಯ ಮಾತು ಎಂಬಂತೆ ತಲೆಯಾಡಿಸಿದರು. ನಮಗೂ ಸರಿಯೆನ್ನಿಸಿತು.

ಭ್ರಮರಾಂಬನಿಗೆ ಕೋಪ ಬಂದಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಬೆರಳು ಸುಟ್ಟರೆ ಬೆರಳಿನ ಮಾತು ಉಳಿಯುತ್ತೆ ರಾಚಯ್ಯ, ಗಿರಣಿಯ ಮಾತು ಉಳಿಯಲ್ಲ. ಎಲ್ಲಕ್ಕೂ ನಿಮಗೆ ಮೊದಲು ಒಬ್ಬರು ಬೀಳಬೇಕು, ಒಬ್ಬರು ಸುಡಬೇಕು, ಆಮೇಲೆ ಬುದ್ಧಿ. ಬಚ್ಚಲಿಗೆ ಅದು ನಡೀಬಹುದು. ಈ ಗಿರಣಿಗೆ ದನಿ ಬರೋ ದಿನ ಅದನ್ನ ಕೇಳೋಕೆ ನಿಮ್ಮಲ್ಲಿ ಯಾರೂ ಇರಲ್ಲ."

ಕೇಳುವ ದನಿಯ ಹಿಂದೆ ಒಂದು ಪೆಟ್ಟು ಇರುತ್ತದೆ ಎನ್ನುವುದು ನಮಗೆ ಗೊತ್ತಿಲ್ಲದ್ದೇನಲ್ಲ. ಆದರೆ ಪೆಟ್ಟಿಗಿಂತ ಮೊದಲು ಆ ಜಾಗ ಸುಮ್ಮನಿತ್ತು ಎನ್ನುವುದನ್ನು ಯಾರೂ ಯೋಚಿಸಿರಲಿಲ್ಲ. ನನಗೆ ನಮ್ಮ ಮಾವನವರು ಬಚ್ಚಲಿನಿಂದ "ಯಾರಾದ್ರೂ ಬರ್ರೋ" ಎಂದು ನರಳಿದ ಬೆಳಗು ಕಣ್ಣಮುಂದೆ ಬಂತು.

ಮಾರನೆಯ ದಿನದಿಂದ ಗಿರಣಿಯ ರೀತಿ ಬದಲಾಯಿತು. ಬೀಡಿ, ಬೆಂಕಿಪೊಟ್ಟಣ ಗೇಟಿನಾಚೆ. ಸಣ್ಣೀರಮ್ಮನ ಜೊತೆ ಇನ್ನಿಬ್ಬರು ಸೇರಿ ಒದ್ದೆ ಬಟ್ಟೆಯಲ್ಲಿ ತೊಲೆಗಳನ್ನು ಒರೆಸಿದರು. ಪೊರಕೆಯಲ್ಲಿ ಗುಡಿಸಿದರೆ ಹಿಟ್ಟು ಮತ್ತೆ ಗಾಳಿಗೇ ಏಳುತ್ತದೆ ಎಂದು ಭ್ರಮರಾಂಬ ಒದ್ದೆ ಬಟ್ಟೆಯೇ ಆಗಬೇಕೆಂದಳು. ಮೇಲಂತಸ್ತಿನ ಸೂರಿನ ತಗಡುಗಳನ್ನು ಬಿಗಿ ಬೋಲ್ಟು ತೆಗೆಸಿ ಸಣ್ಣ ಮೊಳೆಯಲ್ಲಿ ಕೂರಿಸಿದಳು. "ಗಾಳಿ ಬೀಸಿದ್ರೆ ಹಾರೋಗ್ತವಲ್ಲಮ್ಮಾ," ಎಂದು ಗುರುಶಾಂತಪ್ಪನವರು ಗೊಣಗಿದರು. "ಸಿಡಿದ್ರೂ ಒಳಗಿನ ಬಿರುಸು ಮೇಲಕ್ಕೆ ಹೋಗಲಿ ಸರ್, ಗೋಡೆ ತಳ್ಳೋದು ಬೇಡ," ಎಂದಳು. ಜರಡಿಯ ಹಿಟ್ಟನ್ನು ಹೀರಿ ಹೊರಹಾಕಲು ಒಂದು ದೊಡ್ಡ ಕೊಳವೆ ಬೇಕಿತ್ತು. ಅದನ್ನು ಮಾಡಿಸಲು ಆಗಾಗ ಪೇಟೆಯ ವೆಲ್ಡಿಂಗ್ ಅಂಗಡಿಗೆ ಹೋಗಿ ಬರುತ್ತಿದ್ದಳು.

ಹಾಗೆ ಅವಳು ಪೇಟೆಗೆ ಹೋಗಿದ್ದ ಒಂದು ಮಧ್ಯಾಹ್ನ. ನಾನು ಚೀಲದ ಬಾಯಿ ಹೊಲಿಯುತ್ತಿದ್ದೆ. ಕಾಳನ್ನು ಮೇಲಕ್ಕೆ ಒಯ್ಯುವ ಬೆಲ್ಟಿನ ಕಡೆಯಿಂದ ಒಂದು ವಾಸನೆ ಬಂತು. ತವೆಯ ಮೇಲೆ ರೊಟ್ಟಿ ಸೀದಂತೆ, ಅದರ ಜೊತೆಗೆ ರಬ್ಬರು ಬೆಂದಂತೆ. ತಲೆಯೆತ್ತಿದೆ. ರಾಚಯ್ಯನೂ ತಲೆಯೆತ್ತಿದ್ದ. ಎಲ್ಲರೂ ಕೈ ನಿಲ್ಲಿಸಿ, ಕತ್ತು ಓರೆ ಮಾಡಿ, ಕಿವಿಗೊಟ್ಟು ನಿಂತರು.

"ಜಾಗ ಏನಾರ ಅಂತಾ?"

"ಏನೂ ಅನ್ಲಿಲ್ಲ."

"ಹಂಗಾರೆ ಸರಿ," ಎಂದು ಕೆಲವರು ಮತ್ತೆ ಕೆಲಸಕ್ಕೆ ಬಗ್ಗಿದರು.

ನಾನು ಸೂಜಿ ಬಿಟ್ಟು ಬೆಲ್ಟಿನ ಕಡೆ ನೋಡುತ್ತಲೇ ಇದ್ದೆ. ಏನೂ ಆಗುವ ಮೊದಲೇ ಕೂಗುವುದು ನಮ್ಮ ಊರಿನಲ್ಲಿ ರೂಢಿಯಿಲ್ಲ. ಅದು ಪೆಟ್ಟು ತಿಂದವರ ಕೆಲಸ, ನೆಟ್ಟಗಿರುವವರು ಅವರ ಮಾತಿಗೆ ಬಾಯಿ ಹಾಕಬಾರದು ಎಂದೇ ಬೆಳೆದವರು ನಾವು. ಕೂಗಿ, ಏನೂ ಆಗದಿದ್ದರೆ? ನಾಳೆ ಪೇಟೆಯಲ್ಲಿ ತಲೆಯೆತ್ತುವುದು ಹೇಗೆ? ಅಷ್ಟರಲ್ಲಿ ಬೆಲ್ಟಿನ ಪೆಟ್ಟಿಗೆಯ ಸಂದಿನಿಂದ ನೂಲಿನಷ್ಟು ತೆಳ್ಳಗೆ ಹೊಗೆ ಏಳುವುದು ಕಾಣಿಸಿತು. ಆಮೇಲೆ ನಾನು ಯೋಚಿಸಲಿಲ್ಲ.

"ಮಿಷನ್ ನಿಲ್ಸ್ರೋ! ಹೊರಗೆ ಓಡ್ರೀ! ಗಿರಣಿ ಸಿಡೀತದೆ, ಓಡ್ರೋ!"

ಆ ಕೂಗು ಎಲ್ಲಿಂದ ಬಂತೋ, ಮೂರಂತಸ್ತಿಗೂ ಕೇಳಿಸಿತಂತೆ. ರಾಚಯ್ಯ ಬೆಚ್ಚಿ ಹಾರಿ, ನನ್ನ ಕಡೆ ತಿರುಗಿಯೂ ನೋಡದೆ, ಬಾಗಿಲ ಬಳಿಯ ದೊಡ್ಡ ಸ್ವಿಚ್ಚು ಎಳೆದು ಹೊರಗೆ ಜಿಗಿದ. ಉಳಿದವರು ಅವನ ಹಿಂದೆ. ಒಬ್ಬರೂ ಯಾಕೆ ಏನು ಎಂದು ಕೇಳಲಿಲ್ಲ. ನಾನು ಬಾಗಿಲವರೆಗೆ ಹೋದವಳು ಅಲ್ಲೇ ನಿಂತೆ. ಸಣ್ಣೀರಮ್ಮ! ಅವಳು ಮೇಲೆ ಒಬ್ಬಳೇ ತೊಲೆ ಒರೆಸುತ್ತಿದ್ದಳು. ನಾನು ಎಷ್ಟು ಕೂಗಿದರೂ ಅವಳಿಗೆ ತಲುಪುವುದಿಲ್ಲ. ಸೀರೆ ಮೊಣಕಾಲಿಗೆತ್ತಿ ಏಣಿ ಹತ್ತಿದೆ. ಅವಳು ಆಗಲೇ ಬಟ್ಟೆ ಕೆಳಗಿಟ್ಟು ಮೂಗರಳಿಸಿ ಸುತ್ತಮುತ್ತ ನೋಡುತ್ತಿದ್ದಳು. ನನ್ನ ಮುಖ ಕಂಡದ್ದೇ ತಡ, ಕೇಳುವುದು ಹೇಳುವುದು ಏನೂ ಇಲ್ಲ, ನನ್ನ ಕೈ ಹಿಡಿದು ಅವಳೇ ಎಳೆದುಕೊಂಡು ಹಿಂಬದಿಯ ಮೆಟ್ಟಿಲಿಳಿಸಿದಳು. ಇಬ್ಬರೂ ಹೊಟ್ಟಿನ ರಾಶಿ ದಾಟಿ ಕೆರೆ ಏರಿಯ ಹಿಂದೆ ಬಿದ್ದೆವು. ಅಲ್ಲಿಗೆ ಬೀಳುವುದಕ್ಕೂ ಹಿಂದಿನಿಂದ ಧಡ್ ಎನ್ನುವುದಕ್ಕೂ ಸರಿಹೋಯಿತು. ಸಣ್ಣೀರಮ್ಮನಿಗೂ ಅದು ಎದೆಗೆ ಬಡಿದಂತೆ ಕೇಳಿಸಿರಬೇಕು, ಕಣ್ಣು ಮುಚ್ಚಿಕೊಂಡಳು. ಗಿರಣಿಯ ತಗಡುಗಳು ಮೊಳೆ ಕಿತ್ತುಕೊಂಡು ಹಕ್ಕಿಗಳ ಹಾಗೆ ಮೇಲೆದ್ದು ಒಂದೊಂದಾಗಿ ಕೆರೆಗೆ ಬಿದ್ದವು. ಬಿಳಿ ಹಿಟ್ಟಿನ ಮೋಡವೊಂದು ಬಂದು ನಮ್ಮಿಬ್ಬರ ಮೇಲೆ ಕೂತಿತು. ಎರಡನೇ ಸದ್ದಿಗೆ ಕಾದೆ. ಬರಲಿಲ್ಲ. ಒರೆಸಿದ ತೊಲೆಗಳಲ್ಲಿ ಉದುರಲು ಹಿಟ್ಟೇ ಇರಲಿಲ್ಲ. ಗೋಡೆಗಳು ನಿಂತಿದ್ದವು.

ಬಹಳ ಹೊತ್ತು ಏರಿಯ ಹಿಂದೆಯೇ ಬಿದ್ದುಕೊಂಡಿದ್ದು, ನಾವು ಕೈ ಕೈ ಹಿಡಿದು ಮುಂಭಾಗಕ್ಕೆ ಸುತ್ತಿ ಬರುವಷ್ಟರಲ್ಲಿ ಅಲ್ಲಿ ಗೋಳೋ ಎಂಬ ಅಳು ಕೇಳುತ್ತಿತ್ತು. ಯಾರಿಗೆ ಏನಾಯಿತೋ ಎಂದು ಹೆಜ್ಜೆ ಚುರುಕು ಮಾಡಿದೆ. ರಾಚಯ್ಯ ನೆಲಕ್ಕೆ ತಲೆ ಇಟ್ಟು, "ನಮ್ಮ ಹೊನ್ನಕ್ಕ ಹೋದ್ಲಲ್ಲಪ್ಪಾ! ಹೋದಮ್ಯಾಲೂ ನಮ್ಮನ್ನ ಕೂಗಿ ಕಾಪಾಡಿದ್ಲಲ್ಲಪ್ಪಾ!" ಎಂದು ಅಳುತ್ತಿದ್ದ. ಆಗ ನನಗೆ ಅರ್ಥವಾಯಿತು. ಅವರು ನನ್ನ ಮಾತು ಕೇಳಿ ಓಡಿದ್ದಲ್ಲ. ಗಿರಣಿಗೆ ದನಿ ಬಂತು, ಹೊನ್ನಮ್ಮನ ದನಿ, ಅಂದರೆ ಹೊನ್ನಮ್ಮನಿಗೆ ಆಗಲೇ ಆಗಬಾರದ್ದು ಆಗಿಹೋಗಿದೆ ಎಂದುಕೊಂಡು ಓಡಿದ್ದು. ಸೈಕಲ್ ಬಿಸಾಡಿ ಬಂದ ನಮ್ಮ ಯಜಮಾನರು ಜನರ ನಡುವೆ ಕಣ್ಣು ಕಾಣದವರಂತೆ ನಿಂತಿದ್ದರು. ವೆಲ್ಡಿಂಗ್ ಅಂಗಡಿಯಿಂದ ಓಡಿಬಂದಿದ್ದ ಭ್ರಮರಾಂಬ ಅವರ ಭುಜ ಹಿಡಿದು ತಾನೂ ಅಳುತ್ತಿದ್ದಳು.

ಅಡಿಯಿಂದ ಮುಡಿಯವರೆಗೆ ಬೆಳ್ಳಗಾಗಿದ್ದ ನಮ್ಮಿಬ್ಬರನ್ನು ಕಂಡು ಮೊದಲು ಜನ ಚೀರಿ ಹಿಂದೆ ಸರಿದರು. ಯಜಮಾನರು ಮಾತ್ರ ಮುಂದೆ ಬಂದರು. ನನ್ನ ಕೆನ್ನೆಯ ಹಿಟ್ಟನ್ನು ಹೆಬ್ಬೆರಳಿನಿಂದ ಒರೆಸಿದರು.

"ನೀನೇನಾ? ಮಾತಾಡೇ. ಒಂದು ಮಾತಾಡು."

ನಾನು ಬಾಯಿ ತೆರೆದೆ. ಗಾಳಿಯಷ್ಟೇ ಬಂತು. ಆ ಒಂದು ಕೂಗಿಗೆ ಗಂಟಲು ಪೂರಾ ಕಟ್ಟಿಹೋಗಿತ್ತು. ಕೈಯಿಂದ ಗಂಟಲು ತೋರಿಸಿ, ತಲೆಯಾಡಿಸಿ, ಅವರ ಎದೆಗೆ ಒಂದು ಗುದ್ದು ಕೊಟ್ಟೆ. ಆ ಗುದ್ದಿನಿಂದ ಅವರಿಗೆ ನಾನೇ ಎಂದು ಖಾತ್ರಿಯಾಯಿತು.

"ಆಳು ಹೋಗಿ ದನಿ ಉಳಿಯೋದು ನೋಡಿದ್ವಿ," ಎಂದರು ಗುರುಶಾಂತಪ್ಪನವರು ಕಣ್ಣೊರೆಸಿಕೊಳ್ಳುತ್ತಾ, "ದನಿ ಹೋಗಿ ಆಳು ಉಳಿದಿದ್ದು ಇದೇ ಮೊದ್ಲು ಕಣ್ರಪ್ಪಾ!" ಅತ್ತವರೆಲ್ಲ ನಗತೊಡಗಿದರು. ರಾಚಯ್ಯ ಅಳುವುದನ್ನು ನಿಲ್ಲಿಸಲಾರದೆ ನಗುತ್ತಾ ಬಿಕ್ಕಳಿಸಿದ. ಭ್ರಮರಾಂಬ ನನ್ನನ್ನೂ ಸಣ್ಣೀರಮ್ಮನನ್ನೂ ಒಟ್ಟಿಗೆ ತಬ್ಬಿ ತಾನೂ ಹಿಟ್ಟಾದಳು.

ಮಳೆಗಾಲಕ್ಕೆ ಮೊದಲು ಗಿರಣಿ ಮತ್ತೆ ಸಜ್ಜಾಯಿತು, ನನ್ನ ಗಂಟಲೂ ಬಿಟ್ಟಿತು. ಹಿಟ್ಟು ಹೀರುವ ಕೊಳವೆ ಬಂತು. ಅವತ್ತು ಕಾದು ಕಿಡಿ ಎಬ್ಬಿಸಿದ್ದ ಬೆಲ್ಟಿನ ಬೇರಿಂಗು ಮತ್ತೆ ಕಾದಿದೆಯೇ ಎಂದು ದಿನವೂ ಮುಟ್ಟಿ ನೋಡಲು ಒಬ್ಬರನ್ನು ನೇಮಿಸಿದರು. ಮೂಗು ಚುರುಕು, ಕಣ್ಣು ಇನ್ನೂ ಚುರುಕು ಎಂದು ಭ್ರಮರಾಂಬ ಸಣ್ಣೀರಮ್ಮನನ್ನೇ ಆ ಕೆಲಸಕ್ಕೆ ಹಾಕಿದಳು. ತೆರೆದ ದಿನ ನಾವೆಲ್ಲ ಒಳಗೆ ಹೋಗಿ ಕಿವಿಗೊಟ್ಟೆವು. ಗಿರಣಿ ಸುಮ್ಮನಿತ್ತು. ಅಲ್ಲಿ ಯಾರಿಗೂ ಏನೂ ಆಗಿರಲಿಲ್ಲವಲ್ಲ, ದನಿ ಎಲ್ಲಿಂದ ಬರಬೇಕು? ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹಾಗಾದರೆ ನಾವೇ ಕೂಗಬೇಕು ಎಂದು ತೀರ್ಮಾನಿಸಿದೆವು.

ಅಂದಿನಿಂದ ಪಾಳಿ ಹಾಕಿಕೊಂಡು ಕೂಗುತ್ತೇವೆ. ಗಿರಣಿಯಿಂದ ಆ ಚಾಳಿ ಊರಿಗೆ ಹತ್ತಿತು. ಮದುವೆ ಚಪ್ಪರ ಹಾಕುವಾಗ ಇನ್ನೂ ಬೀಳದ ಕಂಬಕ್ಕೆ ಹತ್ತು ಜನ ಕೂಗುತ್ತಾರೆ. ಹೊಸ ಬಾವಿಗೆ ಯಾರೂ ಬೀಳುವ ಮೊದಲೇ, ಕಟ್ಟೆ ಎಲ್ಲಿ ಎಂದು ಹೆಂಗಸರು ಸೊಂಟಕ್ಕೆ ಕೈಯಿಟ್ಟು ಜಗಳಕ್ಕೆ ನಿಲ್ಲುತ್ತಾರೆ. ಮೊದಲೇ ಗದ್ದಲದ ಊರು, ಈಗ ಮಧ್ಯಾಹ್ನ ಕಣ್ಣು ಮುಚ್ಚುವಂತಿಲ್ಲ ಎಂದು ಭ್ರಮರಾಂಬನೇ ಗೊಣಗುತ್ತಾಳೆ.

ಮೊನ್ನೆ ಕೆರೆ ದಾರಿಯಲ್ಲಿ ಹೊರಗಿನ ಊರಿನ ಹಿರಿಯರೊಬ್ಬರು ಹಾದುಹೋಗುತ್ತಿದ್ದರು. ನಮ್ಮ ಊರಿನ ಸಂಗತಿ ಯಾರೋ ಅವರಿಗೆ ಹೇಳಿದ್ದರೆಂದು ಕಾಣುತ್ತದೆ. ಗಿರಣಿಯ ಒಳಗಿನಿಂದ "ಬೇರಿಂಗು ಮುಟ್ಟಿ ನೋಡ್ರೋ! ತೊಲೆ ಒರೆಸ್ರೋ!" ಎಂಬ ಕೂಗು ಕೇಳಿದ್ದೇ ಚಪ್ಪಲಿ ಬಿಟ್ಟು, ಕೈ ಮುಗಿದು, ನನ್ನನ್ನು ಮೆಲ್ಲಗೆ ಕೇಳಿದರು: "ಪಾಪ, ಯಾರು ತಾಯಿ ಅವರು? ಏನಾಗಿತ್ತು ಅವರಿಗೆ?"

ನಾನು ಹೇಳುವ ಮೊದಲೇ ಮೇಲಿನ ಕಿಟಕಿಯಿಂದ ರಾಚಯ್ಯನ ತಲೆ ಹೊರಬಂತು.

"ಏನೂ ಆಗಿಲ್ಲ ಯಜಮಾನ್ರೇ!" ಎಂದ ಅವನು, ಕೆರೆಯಾಚೆಗೂ ಕೇಳುವಂತೆ. "ಆಗ್ಬಾರ್ದು ಅಂತಾನೇ ಕೂಗ್ತಿರೋದು! ನೀವು ಚಪ್ಪಲಿ ಹಾಕ್ಕಳ್ರಿ, ಅಲ್ಲಿ ಮುಳ್ಳೈತೆ!"